ಅಲೆ ಹೊಗದ ಕೋಣೆಯಲ್ಲಿ ಎದ್ದ ಮೊನೆ

ಬಲ್ಲಾರಟ್
ಮಾರ್ಚ್ 14, ಶುಕ್ರವಾರ

ಪ್ರಿಯ ಐಲೀನ್,

ಅಂತೂ ಅಳತೆಯ ಪರದೆಯ ಮೇಲೆ ಬೇಡದ ಅಲೆಯ ಗೆರೆ ಮೊನೆಯಾಗಿ ಎದ್ದಿತು. ನಮ್ಮ ಲ್ಯಾಬಿನ ಇಂಜಿನಿಯರ್ ಹೆಡ್ಲಿ ಹೊರಗಿನಿಂದ ಮೈಕಿನಲ್ಲಿ "ಫೇಲು" ಎಂದ.

ಫೇಲಾದದ್ದು ಫಿಲಿಪ್ಪಾ ಎಂಬ ಹೆಂಗಸಿನ ಪೆಟ್ಟಿಗೆ. ಹೊಲದಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು ಮಗುಚಿದರೆ ಅದಕ್ಕೆ ಕಟ್ಟಿದ ಈ ಪೆಟ್ಟಿಗೆ ಮನೆಗೆ ಸುದ್ದಿ ಕಳಿಸುತ್ತದೆ. ಅವಳ ಅಣ್ಣ ಅಂಥ ಬೈಕಿನಡಿ ಆರು ಗಂಟೆ ಬಿದ್ದಿದ್ದನಂತೆ. ಜೀವ ಉಳಿಯಿತು, ಕಾಲು ಹೋಯಿತು. ಬೇಡದ ರೇಡಿಯೋ ಅಲೆ ಸೂಸುವುದಿಲ್ಲ ಎಂದು ನಾವು ಬರೆದುಕೊಡದೆ ಅದನ್ನು ಮಾರುವಂತಿಲ್ಲ. ಹೋದ ತಿಂಗಳೂ ಫೇಲಾಗಿತ್ತು. ಒಳಗಿನದನ್ನೆಲ್ಲ ಬದಲಿಸಿ ತಂದಿದ್ದಳು. ಈ ಸಲವೂ ಆಗದಿದ್ದರೆ ಕೈಬಿಡುತ್ತೇನೆ ಎಂದು ಬೆಳಗ್ಗೆಯೇ ಹೇಳಿದ್ದಳು.

ನಮ್ಮ ಕೋಣೆ ನೀನು ನೋಡಿದ್ದೀಯ: ಉಕ್ಕಿನ ಬಾಗಿಲು, ಗೋಡೆ ತುಂಬ ನೀಲಿ ಸ್ಪಂಜಿನ ಚೂಪುಗಳು, ಹೊರಗಿನ ಒಂದು ಅಲೆಯೂ ಒಳಗೆ ಬರದು. ಅಳೆಯುವಾಗ ಒಳಗೆ ಯಾರೂ ಇರಬಾರದು. ಆದರೆ ಇವತ್ತು ಪೆಟ್ಟಿಗೆ ಇಡುವ ತಿರುಗುಮೇಜಿನ ಮೋಟಾರು ಕೈಕೊಟ್ಟಿತ್ತು. ಫೋನು, ಗಡಿಯಾರ ಹೊರಗೆ ಬುಟ್ಟಿಗೆ ಹಾಕಿ, ಮೇಜಿನಡಿ ಕುಕ್ಕರುಗಾಲಲ್ಲಿ ಕೂತು, ಕೆಂಡದ ಮೇಲೆ ಕುರಿ ತಿರುಗಿಸುವವನಂತೆ ನಾನೇ ಅದನ್ನು ತಿರುಗಿಸುತ್ತಿದ್ದೆ.

"ಖಾಲಿ ಕೋಣೇನ ಬೆಳಗ್ಗೆನೇ ಅಳೆದಿದ್ದೀನಿ, ಏನೂ ಇರ್ಲಿಲ್ಲ. ಇದು ನಿನ್ ಪೆಟ್ಟಿಗೇದೇ ಕಣಮ್ಮ," ಎಂದ ಹೆಡ್ಲಿ.

ಫಿಲಿಪ್ಪಾ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತತೊಡಗಿದಳು.

ನನಗೆ ಗೊತ್ತಿತ್ತು, ಐಲೀನ್. ಮೇಜಿನಡಿಯಿಂದ ಎದ್ದು ಬಂದು ಎರಡು ನಿಮಿಷ ಸುಮ್ಮನೆ ನಿಂತೆ, ಅದೂ ನಿಜ. ಆಮೇಲೆ ಎರಡೂ ಕಿವಿಯಿಂದ ಬಟಾಣಿ ಗಾತ್ರದ ಗುಂಡುಗಳನ್ನು ತೆಗೆದು ಹೆಡ್ಲಿಯ ಅಂಗೈಗೆ ಹಾಕಿದೆ. ಕಿವಿ ಮಂದವಾದವರು ಹಾಕುವ ಯಂತ್ರ. ರೇಡಿಯೋ ಅಲೆಯಲ್ಲಿ ಫೋನಿನ ಜೊತೆ ಮಾತಾಡುವಂಥವು. ಫೋನು ಹೊರಗಿಟ್ಟರೆ ಅದನ್ನೇ ಕೂಗಿ ಕರೆಯುತ್ತಿರುತ್ತವೆ.

"ಎಷ್ಟು ದಿನದಿಂದ?" ಹೆಡ್ಲಿ ಕಿರುಚಿದ.

"ಮೂರು ವಾರ."

"ಹಾಗಾದ್ರೆ ಅದಕ್ಕೂ ಮುಂಚೆ ಎಂಟು ವರ್ಷ ನಾನು ಬೈದಿದ್ದೆಲ್ಲ ಕೇಳಿಸ್ಲೇ ಇಲ್ವಾ?"

"ಹೊಗಳ್ತಿದ್ದೀಯ ಅಂದ್ಕೊಂಡಿದ್ದೆ ಮಾರಾಯ!"

ಯಂತ್ರಗಳನ್ನು ಬುಟ್ಟಿಗೆ ಹಾಕಿ ಮತ್ತೆ ಮೇಜಿನಡಿ ಕೂತೆ. ಮೊನೆ ಏಳಲಿಲ್ಲ. ಪೆಟ್ಟಿಗೆ ಪಾಸು. ಫಿಲಿಪ್ಪಾ ಬಂದು ನನ್ನ ಕೈ ಹಿಡಿದು ಏನೋ ಹೇಳಿದಳು. ಮೊದಲಾಗಿದ್ದರೆ ನಕ್ಕು ತಲೆಯಾಡಿಸಿಬಿಡುತ್ತಿದ್ದೆ. ಈ ಸಲ "ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಮ್ಮ" ಎಂದೆ.

"ನಮ್ಮಣ್ಣನ ಬೈಕಿಗೆ ಮೊದಲ್ನೇದನ್ನ ನೀವೇ ಬಂದು ಕಟ್ಟಬೇಕು," ಎಂದು ಕಿವಿಗೆ ಬಾಯಿಟ್ಟು ಹೇಳಿದಳು.

ಇನ್ನೊಂದು ಸಲ ಹೇಳು ಎನ್ನುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ನನ್ನ ಜೋಕುಗಳ ಗುಟ್ಟು ಇಷ್ಟೇ, ಐಲೀನ್: ಸದಾ ನಾನೇ ಮಾತಾಡುತ್ತಿದ್ದರೆ ಬೇರೆಯವರದು ಕೇಳಿಸಿಕೊಳ್ಳುವ ಗೋಜಿಲ್ಲ. ನಿನ್ನ ಮಾತಿಗೆ ನಾನು ಬೆಲೆ ಕೊಡುವುದಿಲ್ಲವೆಂದು ನೀನು ಮನೆ ಬಿಟ್ಟು ಹೊರಟುಹೋದೆ. ಕಿವಿ ಕೇಳಿಸುವುದಿಲ್ಲವೆಂಬ ನಿಜವನ್ನು ನಾನು ನಾಚಿಕೆಗೆ ಹೇಳದೆ ಕೂತೆ.

ಲ್ಯಾಬಿನ ಹಿತ್ತಲಲ್ಲಿ ಹೆಡ್ಲಿ ಸಾಸೇಜ್ ಸುಡುತ್ತಿದ್ದಾನೆ. "ನೆವ್, ಬರ್ತೀಯೋ, ನಾಯಿಗೆ ಹಾಕ್ಲೋ?" ಅಂತ ಕೂಗು. ಕೇಳಿಸಿತು. ಹೊರಟೆ.

ನಿನ್ನ
ನೆವಿಲ್

ತಾ.ಕ.: ನೀನು ಹೊರಟ ದಿನ ಕಾರಿನ ಬಾಗಿಲು ಹಿಡಿದು ಏನೋ ಕೇಳಿದೆ. ನಾನು ನಗುತ್ತ "ಆಯ್ತು" ಎಂದೆ. ನೀನು ಅಳುತ್ತ ಹೋದೆ. ನಾನು ಯಾವುದಕ್ಕೆ ಆಯ್ತು ಎಂದೆ, ಐಲೀನ್?