ತೊಳೆಯದ ಮೂರು ಅಂಗಿ

2 ಫೆಬ್ರವರಿ 2025, ರವಿವಾರ, ಸಂಜೆ 6

ಖಾನಾಪುರಕ್ಕೆ, ಅಕ್ಕನ ಮನೆಗೆ ಹೋಗಿ ಬಂದೆ. ಅಣ್ಣನ ಚಪ್ಪಲಿ, ಅಣ್ಣನ ಇಸ್ತ್ರಿ ಅಂಗಿ, ಬೋಳುತಲೆಗೆ ಟೊಪ್ಪಿಗೆ. ಅಣ್ಣ ರಾಮಲಿಂಗ ತೀರಿ ಹದಿನೆಂಟು ದಿನ. ಹಾರ್ಟ್ ಅಟ್ಯಾಕ್. ಕರ್ಮ ಮಾಡಿದವನು ನಾನು.

ಅವ್ವನಿಗೆ ಗೊತ್ತಿಲ್ಲ. ಡಿಸೆಂಬರಿನಲ್ಲಿ ಎದೆಗೆ ಸ್ಟೆಂಟ್ ಹಾಕಿದ್ದಾರೆ, ಆಘಾತ ಆಗಬಾರದು ಎಂದಿದ್ದಾರೆ ಡಾಕ್ಟರು. ಕಣ್ಣು ಹೋಗಿ ನಾಲ್ಕು ವರ್ಷ. ಅಣ್ಣನದೂ ನನ್ನದೂ ಧ್ವನಿ ಒಂದೇ. ಅಕ್ಕ ಪ್ರಮಿಳಾ ಹೂಡಿದ ಉಪಾಯ: ಪ್ರತಿ ರವಿವಾರ ಅವಳ ಮನೆಗೆ ಅವ್ವನನ್ನು ನೋಡಲು ಬರುತ್ತಿದ್ದ ರಾಮಲಿಂಗ ಬರುತ್ತಲೇ ಇರುತ್ತಾನೆ. ಸುಜಯ — ಅಂದರೆ ನಾನು — ಟ್ರೇನಿಂಗಿಗೆ ಪುಣೆಗೆ ಹೋಗಿದ್ದಾನೆ. ಹೇಗೂ ಹಬ್ಬಕ್ಕೊಮ್ಮೆ ಬರುವವನು.

ಮಾತಿನಲ್ಲಿ ತಪ್ಪಲಿಲ್ಲ. ತಪ್ಪಿದ್ದು ಲಾಲ್ಯಾನಿಂದ. ಅಣ್ಣ ಮಚ್ಛೆ ಊರಿನಿಂದ ಮರಿಯಾಗಿ ತಂದಿದ್ದ ನಾಯಿ. ನನ್ನನ್ನು ಒಮ್ಮೆ ಮೂಸಿ, ಹೋಗಿ ಮಲಗಿತು.

"ಯಾಕಲೇ ರಾಮ್ಯಾ, ಲಾಲ್ಯಾ ಇವತ್ತ ನಿನ್ನ ಮ್ಯಾಲ ಜಿಗೀಲಿಲ್ಲ?"

"ಬಿಸಲ ಅದ ಬೇ," ಎಂದಳು ಅಕ್ಕ.

"ಬಿಸಲಂತ ಬಿಸಲ. ನೀ ಸುಮ್ಮ ಕುಂದರ. ನಾ ಅಂವನ್ನ ಕೇಳಾಕತ್ತೇನಿ."

5 ಫೆಬ್ರವರಿ

ಅರ್ಧ ಓದಿದ ಕಾದಂಬರಿ ಬದಿಗಿಟ್ಟು ನಾಯಿಗಳ ಬಗ್ಗೆ ಓದಿದೆ. ಅವಕ್ಕೆ ಕೆಂಪು ಕಾಣದಂತೆ. ನೀಲಿ, ಹಳದಿ — ಉಳಿದದ್ದೆಲ್ಲ ಮಂಕು. ಮೈ ಕೆಂಪಗಿದೆ ಎಂದೇ ಅಣ್ಣ ಲಾಲ್ಯಾ ಅಂತ ಕರೆದ. ಆ ಬಣ್ಣ ಅದಕ್ಕೆ ಕಂಡೇ ಇಲ್ಲ.

ಆದರೆ ಮೂಗು... ನಾವು ಈಗ ಎದುರಿಗಿರುವವನನ್ನು ಮಾತ್ರ ಕಾಣುತ್ತೇವೆ. ನಾಯಿಗೆ ನಿನ್ನೆ ಬಂದುಹೋದವನೂ ಇರುತ್ತಾನೆ, ಸ್ವಲ್ಪ ತೆಳುವಾಗಿ. ಮೊನ್ನೆಯವನು ಇನ್ನೂ ತೆಳುವಾಗಿ. ನಮಗೆ ಮನುಷ್ಯ ಇದ್ದಾನೆ, ಇಲ್ಲವೇ ಇಲ್ಲ. ಅದಕ್ಕೆ ಇವೆರಡರ ನಡುವೆ ಎಷ್ಟೋ ಅಳತೆಗಳು. ಫ್ಯಾಕ್ಟರಿಯಲ್ಲಿ ದಿನವಿಡೀ ಗೇಜ್ ಹಿಡಿದು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತೇನೆ. ಈ ಅಳತೆ ಗೊತ್ತಿರಲಿಲ್ಲ.

6 ಫೆಬ್ರವರಿ

ಅನಗೋಳಕ್ಕೆ, ಅಣ್ಣನ ಮನೆಗೆ ಹೋದೆ. ಅತ್ತಿಗೆ ಮಾಯಾಳನ್ನು ಕೇಳಲು ನಾಲಿಗೆ ಏಳಲಿಲ್ಲ. ಕೊನೆಗೆ ಕೇಳಿದೆ — ಅಣ್ಣನ ತೊಳೆಯದ ಅಂಗಿ ಇವೆಯಾ?

ನಾಲ್ಕು ಇದ್ದವು. ಪ್ಲಾಸ್ಟಿಕ್ ಚೀಲದಲ್ಲಿ, ಬಾಯಿ ಬಿಗಿದು, ಕಪಾಟಿನ ಹಿಂದೆ. ಮೂರು ಕೊಟ್ಟಳು.

"ಒಂದ ನನಗಿರ್ಲಿ, ಸುಜಯಾ. ನಾಯಿ ಅಷ್ಟ ಮೂಸಬೇಕೇನು?"

9 ಫೆಬ್ರವರಿ, ರವಿವಾರ

ಮೊದಲನೇ ಅಂಗಿ. ಗೇಟು ಮುಟ್ಟುವ ಮೊದಲೇ ಲಾಲ್ಯಾ ಜಿಗಿಯಿತು. ಕುಂಯ್‌ಗುಟ್ಟುತ್ತ ಎದೆ, ಕಂಕುಳು, ಕಾಲರ್ — ಮೂಸಿದ್ದೇ ಮೂಸಿದ್ದು. ಅವ್ವ ಒಳಗಿಂದ ನಕ್ಕಳು. "ಬಂದ ನೋಡ ಇದರ ಗಂಡ!"

ಆಮೇಲೆ ನಾಯಿ ನನ್ನ ಮುಂಗೈ ಮೂಸಿತು. ನಿಂತಿತು. ನನ್ನನ್ನು ದಾಟಿ ಗೇಟಿಗೆ ಹೋಗಿ ರಸ್ತೆ ನೋಡುತ್ತ ಕುಳಿತಿತು — ಅಂಗಿ ಬಂತು, ಅಂಗಿಯವನು ಹಿಂದೆ ಬರುತ್ತಿದ್ದಾನೆ ಎಂಬಂತೆ. ನಾನು ಹೊರಡುವವರೆಗೂ.

16 ಫೆಬ್ರವರಿ, ರವಿವಾರ

ಎರಡನೆಯದು. ಬಸ್ಸಿನಲ್ಲಿ ಬೆವರಿದೆ. ಅಣ್ಣನ ವಾಸನೆಯ ಮೇಲೆ ನಾನು. ಲಾಲ್ಯಾ ಜಿಗಿಯಲಿಲ್ಲ, ನಿಧಾನ ಬಂದು ಮೂಸಿ, ಪುಸ್ತಕವಿದ್ದ ನನ್ನ ಚೀಲದ ಮೇಲೆ ಗದ್ದವಿಟ್ಟು ಮಲಗಿತು.

23 ಫೆಬ್ರವರಿ, ರವಿವಾರ, ಸಂಜೆ 7

ಮೂರನೆಯದು. ಸೆಕೆಗೆ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟಿದ್ದೆ. ನಾನು ಬಗ್ಗಿ ಚಹಾ ಬಟ್ಟಲು ಕೊಡುವಾಗ ಅವ್ವನ ಕೈ ನನ್ನ ತಲೆಗೆ ತಾಗಿತು. ಅಲ್ಲೇ ನಿಂತಿತು. ಒಂದು ಸೆಂಟಿಮೀಟರ್ ಕೂದಲು.

"ತಲೀ ಬೋಳಿಸಿದ್ದಿ."

ನಾನು ಬಟ್ಟಲನ್ನು ನೆಲಕ್ಕಿಟ್ಟೆ.

"ಹೇಳಬ್ಯಾಡ. ನಾನ ಹೇಳ್ತೇನಿ. ಸಣ್ಣಾಂವ ಹೋದ."

ಒಳಗೆ ಅಕ್ಕ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಪುಣೆಕ್ಕ ಹೋದಾಂವ ಒಂದ ಫೋನರ ಮಾಡ್ತಿದ್ದ. ನನಗ ಮೊದಲ ಸಂಶೇ ಇತ್ತ." ಜೋರಾಗಿ ಅಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸಾಲಿಯಿಂದ ಬಂದ್ರ ಮೂಲ್ಯಾಗ ಪುಸ್ತಕ ಹಿಡಕೊಂಡ ಕುಂಡ್ರಾಂವ. ನೀ ಬಾಯಿ ಬಿಟ್ಟ ಕೇಳ್ತಿದ್ದಿ, ನಿನಗ ಕೊಟ್ಟೆ. ಅಂವಾ ಕೇಳಲಿಲ್ಲಂತ ಅಂವಗ ನಾ ಏನೂ ಕೊಡಲಿಲ್ಲೋ ರಾಮ್ಯಾ."

ಇಲ್ಲೇ ಇದ್ದೇನೆ ಅವ್ವಾ ಎನ್ನಬಹುದಿತ್ತು. ಎಂದಿದ್ದರೆ ಅಂಗಿ ಯಾರದೆಂದೂ ಹೇಳಬೇಕಿತ್ತು. ನಲವತ್ತೊಂದು ವರ್ಷದಲ್ಲಿ ಆಕೆ ನನ್ನ ಬಗ್ಗೆ ಇಷ್ಟು ಮಾತಾಡಿದ್ದು ಕೇಳಿರಲಿಲ್ಲ. ಕೇಳುತ್ತ ಕುಳಿತೆ. ಅದನ್ನು ಇಲ್ಲಿ ಬರೆದಿಡಬೇಕು: ನಿಲ್ಲಿಸಬೇಕೆನಿಸಲಿಲ್ಲ.

ಲಾಲ್ಯಾ ಬಂದು ನನ್ನ ಪಾದದ ಮೇಲೆ ಗದ್ದವಿಟ್ಟಿತು. ಆ ಮನೆಯಲ್ಲಿ ನನ್ನನ್ನು ನಾನೆಂದೇ ತಿಳಿದು ಹತ್ತಿರ ಬಂದದ್ದು ಅದೊಂದೇ.

25 ಫೆಬ್ರವರಿ

ಅಕ್ಕನ ಫೋನ್. ಅವ್ವನ ಬಿ.ಪಿ. ಸರಿ ಇದೆ.

"ಹಾಂಗಾದ್ರ ಎದಿ ತಡಕೊಂಡಿತಲ್ಲ," ಎಂದೆ. "ಇನ್ನ ಖರೇ ಹೇಳೂಣು."

"ನಿಂದ ತಡಕೊಂಡ್ಲು, ಸುಜಯಾ. ರಾಮ್ಯಾಂದ ತಡಕೊಳ್ಳಂಗಿಲ್ಲ."

ಹೇಳಿದ್ದು ಅವಳಿಗೇ ಕೇಳಿಸಿತು.

"ಹಂಗಲ್ಲೋ..."

"ಗೊತ್ತಾತ ಬಿಡು."

28 ಫೆಬ್ರವರಿ

ಅಕ್ಕ ಮತ್ತೆ. ಅವ್ವ ಮೂರು ದಿನದಿಂದ ನನ್ನ ಹೆಸರಲ್ಲಿ ಎಡೆ ಇಡಿಸುತ್ತಿದ್ದಾಳಂತೆ. ಅಂಚು ಕಪ್ಪಾದ ಜೋಳದ ರೊಟ್ಟಿ, ಮಡಿಕೆಕಾಳು, ಹಸಿಮೆಣಸಿನಕಾಯಿ. ನನಗೆ ಅಂಚು ಕಪ್ಪಾದದ್ದೇ ಇಷ್ಟ. ಆಕೆಗೆ ಗೊತ್ತಿತ್ತು.

"ಕಾಗಿ ಮುಟ್ಟವಲ್ದು. ಅಂವಗ ನನ್ನ ಮ್ಯಾಲ ಸಿಟ್ಟೈತಿ ಅಂತಾಳ. ಅದು ಮುಟ್ಟೂತನಕ ತಾನೂ ಉಣ್ಣಂಗಿಲ್ಲಂತ. ಬರೇ ಚಹಾ, ಗುಳಗಿ."

"ಕಾಗಿ ಹ್ಯಾಂಗ ಮುಟ್ಟೀತು," ಎಂದೆ. ಅಕ್ಕನಿಗೆ ನಗು ಬಂತು. ಆಮೇಲೆ ಅತ್ತಳು.

1 ಮಾರ್ಚ್, ಶನಿವಾರ, ಸಂಜೆ 5

ಅಂಗಿಗಳನ್ನು ಮಾಯಾಗೆ ಮರಳಿಸಲೆಂದು ಮಡಚಿದೆ. ಮೂಸಿ ನೋಡಿದೆ. ಮನುಷ್ಯನ ಮೂಗಿಗೆ ಎಟುಕುವಷ್ಟರಲ್ಲಿ, ಮೂರರಲ್ಲೂ ಈಗ ನಾನೇ. ಕೊಡುವ ಹಾಗಿಲ್ಲ.

ಸತ್ತವನಾಗಿ ಉಳಿಯಲು ಆಸೆಯಾಗಿತ್ತು, ಈ ವಾರವಿಡೀ. ಆದರೆ ನನಗೆ ಸಿಟ್ಟಿಲ್ಲ ಎಂದು ಅವ್ವನಿಗೆ ಹೇಳಲು ಬದುಕಿರುವ ನಾನೇ ಬೇಕು.

ಅಕ್ಕನಿಗೆ ತಿಳಿಸಿದ್ದೇನೆ. ಡಾಕ್ಟರನ್ನು ಮನೆಗೆ ಕರೆಸಿರುತ್ತಾಳೆ. ನಾಳೆ ಏಳೂವರೆಯ ಬಸ್. ನನ್ನದೇ ನೀಲಿ ಅಂಗಿ. ಆ ಬಣ್ಣ ಲಾಲ್ಯಾಗೆ ಕಾಣುತ್ತದೆ. ಟೊಪ್ಪಿಗೆ ಇಲ್ಲ. ನಾಯಿ ಜಿಗಿಯುವುದಿಲ್ಲ. ಯಾರ ಬಂದಾರ ಅಂತ ಅವ್ವ ಕೇಳುತ್ತಾಳೆ. ಮೊದಲು ನನ್ನ ಹೆಸರು ಹೇಳುತ್ತೇನೆ. ಕೈ ಚಾಚಿದರೆ ಹಿಡಿದುಕೊಳ್ಳುತ್ತೇನೆ. ಬಿಡದೆ ಹಿಡಿದುಕೊಂಡೇ, ಅಣ್ಣನ ಸುದ್ದಿ ಹೇಳುತ್ತೇನೆ.