ಮುಂಜಾನೆ ಬಿಗಿಯುವ ಬೆರಳುಗಳು

ದೇವದುರ್ಗ
೨ ಫೆಬ್ರವರಿ ೨೦೨೫

ಪ್ರೀತಿಯ ಮಿನಾಜ್,

ಕಲಬುರಗಿಯಲ್ಲಿ ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲರೂ ನೆಟ್ಟಗಿದ್ದೀರೆಂದು ನಂಬಿದ್ದೇನೆ. ನಿನ್ನ ತಮ್ಮ ಆಸಿಫನ ಮದುವೆಗೆ ಬರಲಿಲ್ಲ, ನೀನು ಬರೆದ ಪತ್ರಕ್ಕೆ ಉತ್ತರವನ್ನೂ ಕೊಡಲಿಲ್ಲ. ಸಿಟ್ಟಾಗಬೇಡ. ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಫೋನು ಮಾಡಬಹುದಿತ್ತು, ಆದರೆ ನಾನು ಈ ಮಾತು ಎತ್ತಿದರೆ ಸಾಕು, ಪಕ್ಕದಲ್ಲಿ ಕೂತ ಅವ್ವ ಅಳಲು ಶುರು ಮಾಡುತ್ತಾಳೆ. ಅಕ್ಷರಗಳು ಕೋಳಿ ಕೆದರಿದಂತಿವೆ, ನಕ್ಕುಬಿಡು.

ನಾನೀಗ ಮಾನ್ವಿಯಲ್ಲಿಲ್ಲ, ತವರಿನಲ್ಲಿದ್ದೇನೆ. ಪಾಠ ಮಾಡುವ ಶಾಲೆಗೆ ರಜೆ ಹಾಕಿದ್ದೇನೆ. ಕಳೆದ ಬೇಸಿಗೆಯಲ್ಲಿ ಶುರುವಾಯಿತು. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚುತ್ತಿರಲಿಲ್ಲ. ಗೆಣ್ಣುಗಳು ಊದಿ ಬಿಸಿಯಾಗಿರುತ್ತಿದ್ದವು. ಮಗಳು ಮೌನೇಶ್ವರಿಗೆ ಜಡೆ ಹಾಕಲು ಹೋದರೆ ಬಾಚಣಿಗೆ ಜಾರುತ್ತಿತ್ತು. ಹೊತ್ತು ಏರಿದ ಹಾಗೆ ಬಿಗಿತ ಸಡಿಲವಾಗುತ್ತಿತ್ತು. ಈ ಕಾಯಿಲೆಯ ಸ್ವಭಾವವೇ ಹಾಗಂತೆ. ಆದರೆ ನಮ್ಮ ಅತ್ತೆ ಸೂಗಮ್ಮನಿಗೆ ಅಷ್ಟೇ ಸಾಕಾಯಿತು.

"ರೊಟ್ಟಿ ಬಡಿಯೋ ಹೊತ್ತಿಗೆ ಬರ್ತದ, ರೊಟ್ಟಿ ಮುಗದ ಮ್ಯಾಲೆ ಹೋಗ್ತದ. ಇದ್ಯಾವ ಬ್ಯಾನಿಬೇ ನಿಂದು?" ಎಂದು ಓಣಿಯವರ ಮುಂದೆಯೇ ಕೇಳಿದರು. ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮನುಷ್ಯ, ಮಿನಾಜ್, ಒಂದು ದಿನವೂ ನನ್ನ ಕೈ ಹಿಡಿದು ನೋಡಲಿಲ್ಲ.

ಅತ್ತೆ ನೀರಮಾನ್ವಿ ಯಲ್ಲಮ್ಮನಿಗೆ ಹರಕೆ ಹೊತ್ತರು. ಅದಕ್ಕೆ ನನ್ನ ತಕರಾರಿಲ್ಲ, ನಾನೂ ಕೈ ಮುಗಿದೆ. ಆಮೇಲೆ ಯಾರೋ ಹೇಳಿದ ಕಡೆ ಕರೆದೊಯ್ದು ಸೂಜಿ ಚುಚ್ಚಿಸಿದರು. ನಾಲ್ಕು ದಿನ ಹಗುರ, ಮತ್ತೆ ಅದೇ ಕಥೆ. ಕೊನೆಗೆ ಕಪ್ಪುಹಲಗೆಯ ಮುಂದೆ ಸೀಮೆಸುಣ್ಣ ಕೈಯಿಂದ ಬಿದ್ದು, ಅದನ್ನು ಎತ್ತಿಕೊಳ್ಳಲಾಗದೆ ನಿಂತಾಗ, ನಮ್ಮ ಹೆಡ್‌ಮಾಸ್ತರು ಹನುಮಂತರಾಯರೇ ನಮ್ಮವರಿಗೆ ಫೋನು ಮಾಡಿ ಬೈದರು. ಮರುದಿನ ರಾಯಚೂರಿಗೆ ಹೋದೆವು.

ಅಲ್ಲಿ ಡಾಕ್ಟರ್ ಸರ್ವರಿ ಬೇಗಂ ರಕ್ತ ಪರೀಕ್ಷೆ ಮಾಡಿಸಿ, ನನ್ನ ಒಂದೊಂದು ಗೆಣ್ಣನ್ನೂ ಮೆಲ್ಲಗೆ ಒತ್ತಿ ನೋಡಿದರು. "ಇದು ಸುಳ್ಳು ಬ್ಯಾನಿ ಅಲ್ರೀ," ಎಂದರು. ಆ ಮಾತಿಗೇ ನನಗೆ ಅಳು ಬಂತು.

"ಜೀವಕೋಶದೊಳಗ ಕೆಲವು ಪ್ರೋಟೀನ್ ಇರ್ತಾವ. ಒಳಗಿರೋತನಕ ತಮ್ಮ ಕೆಲಸ ಮಾಡ್ಕೊಂಡು ಸುಮ್ಮನಿರ್ತಾವ. ಕೋಶ ನೊಂದ್ರ, ಸತ್ರ, ಅವು ಹೊರಗ ಸೋರ್ತಾವ. ಆಗ ಮೈಗೆ ಗಾಬರಿ ಆಗ್ತದ. ಕಾವಲು ಕೋಶಗಳು ಓಡಿ ಬಂದು ತಮ್ಮ ಪ್ರೋಟೀನನ್ನೂ ಸುರೀತಾವ. ಕೀಲಿನ ಪೊರೆ ಊದ್ತದ, ಉರೀತದ. ಆ ಉರಿಗೆ ಮತ್ತಷ್ಟು ಕೋಶ ಸಾಯ್ತಾವ, ಮತ್ತ ಸೋರ್ತಾವ."

"ಯಾವಾಗ ನಿಲ್ತದ್ರೀ?" ಎಂದೆ.

"ತಾನಾಗೇ ನಿಲ್ಲೂದು ಕಷ್ಟ. ಔಷಧ ತಗೊಂಡು ನಿಲ್ಲಿಸಬೇಕು. ಹೊರಗಿನ ಕ್ರಿಮಿ ಯಾವುದೂ ಇಲ್ಲಿಲ್ಲ. ನಿಮ್ಮ ಮೈಯೇ ನಿಮ್ಮ ಕೀಲನ್ನ ವೈರಿ ಅಂತ ತಿಳಕೊಂಡದ." ನಮ್ಮವರ ಕಡೆ ತಿರುಗಿ, "ತಡಾ ಮಾಡಿ ಬಂದೀರಿ ಸರ್. ಎಲುಬು ಸವೆಯಾಕ ಶುರುವಾಗ್ಯದ," ಎಂದರು. ನಮ್ಮವರು ಹೌದೆಂದು ತಲೆ ಆಡಿಸಿದರು.

ನನಗೆ ಒಂದು ಮೂರ್ಖ ಆಸೆ ಇತ್ತು. ಕಾಯಿಲೆ ನಿಜವೆಂದು ಡಾಕ್ಟರೇ ಹೇಳಿದರಲ್ಲ, ಇನ್ನಾದರೂ ಮನೆಯಲ್ಲಿ ನಂಬುತ್ತಾರೆ ಎಂದು. ಬಸ್ಸು ಇಳಿಯುವ ಮೊದಲೇ ನಮ್ಮವರು, "ಔಷಧ ಹತ್ತೋತನಕ ದೇವದುರ್ಗದಾಗ ಇರು. ಮೌನಿ ಸಾಲಿ ತಪ್ಪಿಸೋದು ಬ್ಯಾಡ," ಎಂದರು. ಊದಿದ ಕೈಯಲ್ಲಿ ನಾನೇ ಬಟ್ಟೆ ಮಡಚಿ ಚೀಲಕ್ಕೆ ತುಂಬಿದೆ.

ಇಲ್ಲಿ ಅವ್ವ ಗೋಪಮ್ಮ ನನ್ನನ್ನು ಕೂಸಿನಂತೆ ನೋಡಿಕೊಳ್ಳುತ್ತಾಳೆ. ಗುಳಿಗೆ ವಾರಕ್ಕೊಮ್ಮೆ. ನುಂಗಿದ ಮರುದಿನ ಹೊಟ್ಟೆ ತೊಳಸುತ್ತದೆ. ಆದರೂ ಊತ ಇಳಿದಿದೆ, ಬೆರಳು ಮಡಚುತ್ತಿವೆ. ಬಲಗೈಯ ಎರಡು ಬೆರಳು ಮಾತ್ರ ಸೊಟ್ಟಗೇ ಉಳಿದಿವೆ. ಮೊದಲೇ ರಾಯಚೂರಿಗೆ ಹೋಗಿದ್ದರೆ ಹಾಗೆ ಉಳಿಯುತ್ತಿರಲಿಲ್ಲವೇನೋ.

ಕಳೆದ ಭಾನುವಾರ ಹೇಳದೆ ಕೇಳದೆ ಮಾನ್ವಿಗೆ ಹೋಗಿಬಂದೆ. ಮೌನಿ ಎತ್ತರವಾಗಿದ್ದಾಳೆ. ಓದಿನಲ್ಲಿ ಚುರುಕು. ಅತ್ತೆ ಊಟಕ್ಕೆ ಬಡಿಸಿದರು. ಇರು ಎಂದು ಯಾರೂ ಅನ್ನಲಿಲ್ಲ. ಸಂಜೆಯ ಬಸ್ಸಿಗೆ ವಾಪಸು ಬಂದೆ.

ಆಸಿಫನಿಗೂ ಅವನ ಹೆಂಡತಿಗೂ ನನ್ನ ಹಾರೈಕೆ ತಿಳಿಸು. ಅವರು ಒಬ್ಬರ ನೋವನ್ನು ಒಬ್ಬರು ನಂಬುವಂತಾಗಲಿ, ಬೇರೆ ಆಶೀರ್ವಾದ ನನಗೆ ತೋಚುತ್ತಿಲ್ಲ. ನಿನ್ನ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ
ಉಮಾದೇವಿ

ವಿ. ಸೂ.: ಮಾನ್ವಿಯ ಮಾತು ಪೂರ್ತಿ ಬರೆಯಲಿಲ್ಲ. ಅವ್ವ ಹೊರಗೆ ಹೋಗಿದ್ದಾಳೆ, ಈಗ ಬರೆಯುತ್ತೇನೆ. ನಾನು ಹೋದಾಗ ಮೌನಿ ಅಂಗಳದಲ್ಲಿದ್ದಳು. ಓಡಿ ಬಂದಳು, ಹತ್ತಿರ ಬಂದು ನಿಂತುಬಿಟ್ಟಳು. ನಾನೇ ಕೈ ಹಿಡಿದುಕೊಂಡೆ. ತಟ್ಟನೆ ಕಿತ್ತುಕೊಂಡು, "ಮುಟ್ಟಬ್ಯಾಡವ್ವಾ, ನನಗೂ ಹತ್ತತದ," ಎಂದಳು. "ಯಾರು ಹೇಳಿದ್ರು?" ಎಂದೆ. ಅವಳು ಅಪ್ಪನ ಕಡೆ ನೋಡಿದಳು. ಯಾವ ರೋಗ ಅಂಟುತ್ತದೆ, ಯಾವುದು ಅಂಟುವುದಿಲ್ಲ ಎಂದು ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡುವವರು ಅವರು. ಅಲ್ಲವೆಂದು ಒಂದು ಮಾತು ಹೇಳುತ್ತಾರೇನೋ ಎಂದು ಕಾದೆ. ಮೌನಿ ಬಚ್ಚಲಿಗೆ ಹೋಗಿ, ನಾನು ಹಿಡಿದ ಕೈಗೆ ಸೋಪು ಹಚ್ಚಿಕೊಂಡಳು. ಅವರು ಎದ್ದು ಹೋಗಿ, ತಂಬಿಗೆಯಿಂದ ಅವಳ ಕೈಗೆ ನೀರು ಸುರಿದರು.