ಒಂದೇ ಥಾನಿನ ಬಟ್ಟೆ

ಮನೆಯಿಂದ,
ಮಾರ್ಚ್ ೧೨, ಭಾನುವಾರ ಬೆಳಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೇಕರಿಯ ಒಲೆ ಮುಂದೆ ನಿಂತು ನಿಂತು ಕಾಲು ಊದುತ್ತಿಲ್ಲ ತಾನೇ? ನಿನ್ನ ಹೆಂಡತಿಯ ಬೆನ್ನುನೋವು ಹೇಗಿದೆ? ನಾನು ಹೀಗೇ ಇದ್ದೇನೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರುತ್ತೇನೆ. ಮಿಕ್ಕ ದಿನ ಹೊಲಿಗೆ ಯಂತ್ರ. ಎರಡರ ಸದ್ದೂ ಒಗ್ಗಿಹೋಗಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನು ಅರ್ಧದಲ್ಲಿ ಕಟ್ ಮಾಡುವುದಕ್ಕಾಗುವುದಿಲ್ಲ, ನೋಡು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಕಿಡ್ನಿ ಕೊಡುತ್ತೇನೆಂದು ಬಂದವನು, ನಿನಗೂ ಸಕ್ಕರೆ ಕಾಯಿಲೆ ಇರುವುದನ್ನೇ ಡಾಕ್ಟರಿಗೆ ಹೇಳದೆ ಮುಚ್ಚಿಟ್ಟೆ. ಪರೀಕ್ಷೆಗೆ ಮುಂಚೆ ಒಂದು ವಾರ ಸಿಹಿ ಮುಟ್ಟದೆ, ಊಟ ಅರ್ಧ ಮಾಡಿ, ಒಣಗಿದ ಮುಖ ಹೊತ್ತು ಬಂದೆ. ಕ್ರೀಮಿನ ಹದ ನೋಡುವ ನೆಪದಲ್ಲಿ ದಿನವಿಡೀ ಬೆರಳು ನೆಕ್ಕುವವನಿಗೆ ಅದೆಷ್ಟು ಕಷ್ಟವಾಗಿರಬೇಕು! ಆದರೆ ಆ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನೇ ಹೇಳಿಬಿಡುತ್ತದಂತೆ. ಒಂದು ವಾರದ ಪಥ್ಯದಿಂದ ಅದರ ಕಣ್ಣಿಗೆ ಮಣ್ಣೆರಚಲು ಆಗಲಿಲ್ಲ. ನೀನು ಸಿಕ್ಕಿಬಿದ್ದದ್ದಕ್ಕೆ ಮೊದಲು ನಕ್ಕೆ, ಆಮೇಲೆ ಮುಖ ಮುಚ್ಚಿಕೊಂಡು ಅತ್ತೆ. ನನಗೋಸ್ಕರ ಇಷ್ಟು ದೊಡ್ಡ ಕಳ್ಳಾಟ ಯಾರೂ ಆಡಿರಲಿಲ್ಲ.

ಆದರೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ಅಂದ ಮಾತು ಎದೆಯಲ್ಲೇ ಕೂತಿದೆ. "ಅಕ್ಕಾ, ಇಷ್ಟು ವರ್ಷ ಬಾಯಿ ಕಟ್ಟಿದ್ದಕ್ಕೆ ನಿಂಗೇನು ಸಿಕ್ತು? ಅಪ್ಪಂದು ಕಿಡ್ನಿ ಹೋಯ್ತು, ನಿಂದೂ ಹೋಯ್ತು. ನಂದೂ ಹೋಗತ್ತೆ, ಬಿಡು. ತಿಂದಾದ್ರೂ ಸಾಯ್ತೀನಿ" ಅಂದು ಇಳಿದು ಹೋದೆ. ಡಾಕ್ಟರ್ ಮಾತು ಕೇಳಲು ನಿಲ್ಲಲೇ ಇಲ್ಲ. ನಾನು ಕೇಳಿಸಿಕೊಂಡೆ. ನಿನ್ನ ಮೂತ್ರದಲ್ಲೂ ಪ್ರೋಟೀನ್ ಸೋರಲು ಶುರುವಾಗಿದೆ. ಈಗಷ್ಟೇ ಶುರು. ಮಾತ್ರೆ ತೆಗೆದುಕೊಂಡು, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹಿಡಿತದಲ್ಲಿಟ್ಟರೆ ಬಹಳ ವರ್ಷ ತಡೆಯಬಹುದಂತೆ.

ಸಕ್ಕರೆ ಕಾಯಿಲೆ ಇದ್ದವರಿಗೆಲ್ಲ ಕಿಡ್ನಿ ಕೆಡುವುದಿಲ್ಲವಂತೆ. ಕೆಲವು ಮನೆತನಗಳಲ್ಲಿ ಅದು ಹುಟ್ಟಿನಿಂದಲೇ ಸೂಕ್ಷ್ಮ. ಯಾವ ಜೀನ್ ಎಂದು ಬೆರಳಿಟ್ಟು ತೋರಿಸಲು ಅವರಿಗೂ ಆಗುವುದಿಲ್ಲವಂತೆ. ನನಗೆ ಅದು ನನ್ನ ಕಸುಬಿನಲ್ಲೇ ಅರ್ಥವಾಯಿತು. ಅಪ್ಪ, ನಾನು, ನೀನು ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ, ನೂಲೇ ತೆಳು. ಒರಟಾಗಿ ಒಗೆದರೆ ಬೇಗ ಹರಿಯುತ್ತದೆ, ಜೋಪಾನ ಮಾಡಿದರೆ ಇನ್ನಷ್ಟು ಬಾಳುತ್ತದೆ. ಅಪ್ಪ ಪಥ್ಯ ಅಂದರೆ ನಗುತ್ತಿದ್ದರು. ನಲವತ್ತಕ್ಕೇ ಹೋದರು, ನೀನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ನನಗೆ ಅರವತ್ತು ದಾಟಿತು. ಏನು ಸಿಕ್ತು ಅಂತ ಕೇಳಿದೆಯಲ್ಲ, ಈ ವರ್ಷಗಳು ಸಿಕ್ಕವು. ನಿನ್ನ ಮದುವೆಯ ಅಂಗಿ ಹೊಲಿದದ್ದು, ನಿನ್ನ ಮಗಳನ್ನು ಮೊದಲು ಎತ್ತಿಕೊಂಡದ್ದು ಎಲ್ಲವೂ ಅಪ್ಪನ ವಯಸ್ಸು ದಾಟಿದ ಮೇಲೆ ನನ್ನ ಪಾಲಿಗೆ ಬಂದದ್ದು. ಬಾಯಿ ಕಟ್ಟಿದ್ದಕ್ಕೆ ನನಗೆ ಬೇಸರವಿಲ್ಲ, ಕಣೋ.

ಬುಧವಾರ ನನ್ನ ಜೊತೆ ಬಾ, ಡಾಕ್ಟರನ್ನು ಕಾಣೋಣ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ನೀನು ನನಗಿಂತ ಹೆಚ್ಚು ಕಾಲ ಬಾಳಬೇಕು. ಆಶೀರ್ವಾದ ಅಂದುಕೋ, ಅಪ್ಪಣೆ ಅಂದುಕೋ.

ಇಂತು,
ನಿನ್ನ ಅಕ್ಕ

ತಾ.ಕ.: ಹೇಳಬೇಡಿ ಅಂದಿದ್ದಳು, ಆದರೂ ಹೇಳುತ್ತಿದ್ದೇನೆ. ನಿನ್ನೆ ನಿನ್ನ ಮಗಳು ಕೆಲಸ ಮುಗಿಸಿ ನೇರ ಇಲ್ಲಿಗೇ ಬಂದಿದ್ದಳು, ತನ್ನ ಕಿಡ್ನಿ ಕೊಡುತ್ತೇನೆಂದು. ಬೇಡವೇ ಬೇಡ ಅಂದೆ. ಅವಳೂ ಅದೇ ಥಾನಿನ ಬಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಅತ್ತೆ, ನನ್ನ ಹತ್ರ ಕೊಡೋಕೆ ಇರೋದು ಒಂದೇ. ನಿಮಗೆ ಕೊಟ್ಟುಬಿಟ್ರೆ, ನಾಳೆ ಅಪ್ಪಂಗೆ ಏನು ಕೊಡ್ಲಿ?" ಇದಕ್ಕೆ ಉತ್ತರ ಕೊಡಬೇಕಾದವನು ನೀನು. ನೀನೇ ಅವಳಿಗೆ ಹೇಳು.